ಪಾಠ ಏಳು: ರೆಸ್ಟೋರೆಂಟಿನಲ್ಲಿ

ಪಿಂಚಣಿ ಬಂದ ಮಾರನೇ ದಿನ
ನಾನೂ ಎಮಿಲ್ಡಾ ರೆಬೆಲ್ಲೊ ಟೀಚರೂ
ಹೊರಗೆ ಉಣ್ಣುತ್ತೇವೆ. ಅದು ಕರಾರು.
ನೀರುದೋಸೆ ಸಲ್ಲ, ಕೋರಿರೊಟ್ಟಿ ಸಲ್ಲ;
ಮನೆಯಲ್ಲಿ ಕೈಯಾರೆ ಮಾಡಬಲ್ಲದ್ದಕ್ಕೆ
ದುಡ್ಡು ಕೊಡುವುದು ಪೆದ್ದುತನ ಅನ್ನುತ್ತಾಳೆ.

ಈ ಸಲ ಬಲ್ಮಠದ ಏರಿನಲ್ಲಿ
ಐದನೇ ಮಾಳಿಗೆಯ ಫ್ರೆಂಚ್ ಹೋಟೆಲು.
ಲಿಫ್ಟಿನ ಕನ್ನಡಿಯಲ್ಲಿ ಪೌಡರು ಸರಿಮಾಡಿಕೊಂಡಳು
ಎರಡು ಸಲ.

ಮೂವತ್ತೊಂದು ವರ್ಷ ಫ್ರೆಂಚು ಕಲಿಸಿದವಳು
ಬಿ.ಎ. ಮಕ್ಕಳಿಗೆ, ಫ್ಯಾನು ಕಿರುಗುಟ್ಟುವ ಕೋಣೆಯಲ್ಲಿ.
ಆಗಸ್ಟ್ ಬಂದರೆ ಪಾಠ ಏಳು.
ಒಬ್ಬಳು ಮಾಣಿ, ಇಬ್ಬರು ಗಿರಾಕಿಗಳು,
ಡಸ್ಟರೇ ಬ್ರೆಡ್ಡು, ಚಾಕಿನ ಪೆಟ್ಟಿಗೆ ಬೆಣ್ಣೆ,
ಈರುಳ್ಳಿ ಸೂಪು ತರುತ್ತೀರಾ, ದಯವಿಟ್ಟು—
ನನ್ನದು ಭೂಗೋಳ, ಪಕ್ಕದ ಕೋಣೆ.
ಏಷ್ಯಾದ ನಕ್ಷೆ ಸುರುಳಿ ಕಂಕುಳಲ್ಲಿಟ್ಟುಕೊಂಡು
ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ.
ಒಂದು ಪದ ತಿಳಿಯದಿದ್ದರೂ
ಹಸಿವಾಗುತ್ತಿತ್ತು.

ಆ ಸೂಪು ಅವಳು ಕುಡಿದವಳಲ್ಲ.
ಆ ದೇಶ ನೋಡಿದವಳಲ್ಲ.
ಒಮ್ಮೆ ಸ್ಕಾಲರ್‌ಶಿಪ್ಪು ಬಂದಿತ್ತು; ಅದೇ ವರ್ಷ
ತಮ್ಮನ ಕಿಡ್ನಿ. ಅದು ಬೇರೆ ಕತೆ.

ಮೆನು ಬಂತು, ಚರ್ಮದ ಹೊದಿಕೆ, ಪೂಜೆಪುಸ್ತಕದ ಹಾಗೆ.
ಎಮಿಲ್ಡಾ ಕನ್ನಡಕ ಏರಿಸಿ, ಚೀಲದಿಂದ ಪೆನ್ಸಿಲ್ ತೆಗೆದು
ಎರಡು ಅಕ್ಷರಗಳ ನೆತ್ತಿಯಲ್ಲಿ
ಬಿಟ್ಟುಹೋದ ಗೀಟು ಎಳೆದಳು.
"ಪಾಪ, ಈಗ ಉಸಿರು ಬಂತು ಅವಕ್ಕೆ."

ಬಡಿಸುವವನು ಬಂದ. ಎದೆಯ ಬಿಲ್ಲೆಯಲ್ಲಿ ನಿತೇಶ್.
ಅವಳು ಬೆನ್ನು ನೆಟ್ಟಗೆ ಮಾಡಿ
ಮೂವತ್ತೊಂದು ಆಗಸ್ಟುಗಳನ್ನು ಒಟ್ಟುಗೂಡಿಸಿ
ಇಡೀ ಒಂದು ವಾಕ್ಯ ಹೇಳಿದಳು,
ಮೂಗಿನಲ್ಲಿ ಸುತ್ತಿ, ಗಂಟಲಲ್ಲಿ ಉರುಳಿಸಿ,
ಕೊನೆಗೆ ಸಿಲ್ ವು ಪ್ಲೇ.
ಧ್ವನಿ ನಡುಗಿತು. ನಾನು ಫೋರ್ಕನ್ನೇ ನೋಡುತ್ತಿದ್ದೆ.

"ಮ್ಯಾಡಂ, ನಂಬರ್ ಹೇಳಿ ಸಾಕು. ಬದಿಯಲ್ಲಿ ಉಂಟು."

ಕೆಳಗೆ ರಸ್ತೆಯಲ್ಲಿ ಕಂಡಕ್ಟರನ ಕೂಗು:
ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್.
"ನಾಲ್ಕು," ಅಂದಳು ಎಮಿಲ್ಡಾ.

ನಾನು ನಗಬಹುದಿತ್ತು. ನಗಲಿಲ್ಲ.
ಹೋದ ತಿಂಗಳು ನನ್ನ ಸರದಿಯಾಗಿತ್ತು,
ಬಿಜೈಯ ಏಷ್ಯನ್ ರೆಸ್ಟೋರೆಂಟಿನಲ್ಲಿ, ಕೆಂಪು ಗೂಡುದೀಪದಡಿ.
ನಾವು ಕೂತದ್ದೂ ಏಷ್ಯಾದಲ್ಲೇ ಅಲ್ಲವಾ ಎಂದರೆ
ಮ್ಯಾನೇಜರು ಸುಮ್ಮನೆ ಹಲ್ಲು ಬಿಟ್ಟ; ಅವನ ಏಷ್ಯಾದಲ್ಲಿ
ನಾಲ್ಕು ಸಾಸಿನ ಬಾಟಲಿ, ನಗುವ ಬುದ್ಧ ಒಬ್ಬ.
ನೂಡಲ್ಸ್ ತಂದ ಹುಡುಗ ಮಲ್ಸಾಮ. ಯಾವ ಊರು ಎಂದೆ.
ದೂರ, ನಿಮಗೆ ತಿಳಿಯಲಿಕ್ಕಿಲ್ಲ ಎಂದ, ತುಳುವಿನಲ್ಲಿ.
ಮಿಜೋರಾಂ. ಚಂಫಾಯ್. ನಾನು ಬಿಡುವವಳೇ?
ಪೇಪರಿನ ಕರವಸ್ತ್ರದ ಮೇಲೆ ಗಡಿ ಬಿಡಿಸಿ
ತಿಯಾವ್ ನದಿಯ ಗೆರೆ ಎಳೆದೆ, ಒಂದೇ ಎಳೆತಕ್ಕೆ.
ಟ್ರೇ ಕೆಳಗಿಟ್ಟು ಅವನು ನೋಡಿದ. ನೋಡಿದ.
"ಹೌದು. ಆದರೆ ಬೇಸಿಗೆಯಲ್ಲಿ
ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತೇವೆ ಅದನ್ನು.
ಅಜ್ಜಿಮನೆ ಆಚೆ ದಡದಲ್ಲಿ."

ಅಂತರರಾಷ್ಟ್ರೀಯ ಗಡಿ ಎಂದು
ಬೆತ್ತದ ತುದಿಯಿಂದ ತೋರಿಸುತ್ತಿದ್ದೆ ನಾನು.
ತಪ್ಪಿದರೆ ಅರ್ಧ ಅಂಕ ಕಡಿಯುತ್ತಿದ್ದೆ.

ಸೂಪು ಬಂತು. ಮೇಲೆ ಚೀಸಿನ ಕಂದು ಕೆನೆ.
ಎಮಿಲ್ಡಾ ಚಮಚ ಮುಳುಗಿಸಿದಳು, ಊದಿದಳು, ಕುಡಿದಳು,
ತುಂಬ ಹೊತ್ತು ಏನೂ ಹೇಳಲಿಲ್ಲ.
ಮತ್ತೆ, "ಸಿಹಿ ಮಾರಾಯ್ತಿ.
ಸಿಹಿ ಇರ್ತದೆ ಅಂತ ಪುಸ್ತಕದಲ್ಲಿ ಇರಲಿಲ್ಲ."

ಬಿಲ್ಲು ಇಡುವಾಗ ನಿತೇಶ್ ಮೆಲ್ಲ ಕೇಳಿದ:
"ಆಗ ಅದೆಂತ ಹೇಳಿದ್ದು ನೀವು?"
"ಎಂತ ಇಲ್ಲ ಮಗಾ. ಸೂಪು ಕೇಳಿದ್ದು."

ಬಸ್ಸಿನಲ್ಲಿ ಜ್ಯೋತಿ ದಾಟುವಾಗ
ಚೀಲ ತಡಕಿದಳು, ಮತ್ತೊಮ್ಮೆ ತಡಕಿದಳು.
ಪೆನ್ಸಿಲ್ ಮೆನುವಿನೊಳಗೇ ಬಾಕಿ.
ಇಳಿದು ಹೋಗಿ ತರುವಾ ಎಂದೆ.

ಬೇಡ, ಅಲ್ಲೇ ಇರಲಿ ಅಂದಳು,
ಇನ್ನೂ ತಪ್ಪುಗಳುಂಟು ಅದರಲ್ಲಿ.